ವಿಮಾನನಿಲ್ದಾಣದಲ್ಲಿ ಕಾಯುವುದೇಕೆ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ವಿದ್ಯಾರ್ಥಿಗಳಿಗೆ ವಿಮಾನದ ಸದ್ದು ಈಗ ಹೊಸತೇನೂ ಅಲ್ಲ. ದೇವನಹಳ್ಳಿಯ ಬಳಿ ೨೦೦೮ನೆಯ ಇಸವಿ ಮೇ ೨೪ರಂದು ಕಾರ್ಯಾರಂಭ ಮಾಡಿ, ೨೦೧೩ರಲ್ಲಿ ಕೆಂಪೇಗೌಡರ ಹೆಸರನ್ನು ಪಡೆದ ವಿಮಾನನಿಲ್ದಾಣವು ಬೆಂಗಳೂರಿನದೆಂದು ಕರೆಯಿಸಿಕೊಂಡರೂ, ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಅದು ವಿಧಾನಸೌಧದಿಂದ ಎಷ್ಟು ದೂರವೋ ಚಿಕ್ಕಬಳ್ಳಾಪುರದಿಂದಲೂ ಹೆಚ್ಚು ಕಡಮೆ ಅಷ್ಟೇ ದೂರ. ೨೦೨೧ರ ಜನವರಿಯಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ರೈಲುಮಾರ್ಗದಲ್ಲಿ ಅದರ ಸಮೀಪಕ್ಕೆ ಒಂದು ಚಿಕ್ಕ ನಿಲುಗಡೆಯೂ ಬಂದಿತು. ಆದುದರಿಂದ ನಮ್ಮ ಜಿಲ್ಲೆಯವರು ಅದನ್ನು ನಮ್ಮದೆಂದೇ ಭಾವಿಸಿದರೆ ತಪ್ಪಿಲ್ಲ. ೨೦೨೪ನೆಯ ಇಸವಿಯೊಂದರಲ್ಲಿಯೇ ಸುಮಾರು ೪ ಕೋಟಿ ಪ್ರಯಾಣಿಕರು ಅದರ ಮೂಲಕ ಹಾದುಹೋದರು. ಎಂದರೆ ದಿನಕ್ಕೆ ಸರಾಸರಿ ೧ ಲಕ್ಷಕ್ಕೂ ಮಿಕ್ಕಿ ಜನ.

ಇಷ್ಟು ಜನರಲ್ಲಿ ಬಹುಮಂದಿಯ ದೂರು ಒಂದೇ: ಕಾಯಿಸುತ್ತಾರೆ. ಅದರಲ್ಲಿಯೂ ಚಳಿಗಾಲದ ಮುಂಜಾನೆ. ಕೆಲಸದ ಸಂದರ್ಶನಕ್ಕೆ ದೆಹಲಿಗೆ ಹೊರಟ ತರುಣನೊಬ್ಬನನ್ನು ಊಹಿಸಿಕೊಳ್ಳಿರಿ. ರಾತ್ರಿ ಎರಡು ಗಂಟೆಗೆ ಚಿಂತಾಮಣಿಯನ್ನು ಬಿಟ್ಟು ಬಂದಿರುವನು. ಅವನ ವಿಮಾನ ನಿಂತಲ್ಲೇ ನಿಂತಿದೆ. ಪಕ್ಕದ ಇನ್ನೊಂದು ವಿಮಾನ ಮಾತ್ರ ಅದೇ ಮಂಜಿನಲ್ಲಿ ಹೊರಟುಹೋಯಿತು. ಇದು ಪಕ್ಷಪಾತವೆಂದು ಅವನಿಗೆ ತೋರುವುದು ಸಹಜ. ನಿಜವಾಗಿ ಇದರ ಹಿಂದೆ ಇರುವುದು ಬಹುಮಟ್ಟಿಗೆ ಭೌತಶಾಸ್ತ್ರ, ಉಳಿದುದು ಗಣಿತ. ಎರಡನ್ನೂ ಕ್ರಮವಾಗಿ ನೋಡೋಣ.

ಚಳಿಗಾಲದಲ್ಲಿ ಸೂರ್ಯೋದಯವನ್ನು ನೋಡಲು ನಂದಿಬೆಟ್ಟವನ್ನು ಹತ್ತಿದವರು ಒಂದು ಸೊಗಸಾದ ನೋಟವನ್ನು ಬಲ್ಲರು. ಮೇಲೆ ಆಕಾಶ ನಿರ್ಮಲವಾಗಿರುವುದು. ಕೆಳಗೆ ಕೆರೆ, ತೋಟ, ಹಳ್ಳಿ ಯಾವುದೂ ಕಾಣದಂತೆ ಹಾಲಿನ ಕಡಲು ಹರಡಿರುವುದು. ಬೆಟ್ಟದ ತುದಿ ಸಮುದ್ರಮಟ್ಟಕ್ಕಿಂತ ೧೪೭೮ ಮೀಟರ್ ಎತ್ತರದಲ್ಲಿದೆ, ವಿಮಾನನಿಲ್ದಾಣ ೯೧೫ ಮೀಟರ್ ಎತ್ತರದಲ್ಲಿದೆ. ನಡುವಣ ೫೬೩ ಮೀಟರುಗಳಲ್ಲಿ ಕೆಳಗಿನ ನೂರು ಇನ್ನೂರು ಮೀಟರನ್ನು ಮಾತ್ರ ಮಂಜು ಆವರಿಸಿರುವುದು. ಬೆಟ್ಟದ ಮೇಲಿನವರು ಯಾವುದನ್ನು ಕಂಡು ಸಂತೋಷಪಡುವರೋ ಅದರ ತಳದಲ್ಲಿಯೇ, ಇಪ್ಪತ್ತು ಕಿಲೋಮೀಟರ್ ಈಚೆಗೆ, ನಮ್ಮ ತರುಣ ಕುಳಿತಿರುವನು.

ಮಂಜು ನೆಲಕ್ಕೆ ಅಂಟಿಕೊಂಡಿರುವುದೇಕೆ? ಹಗಲಿನಲ್ಲಿ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಚೆಲ್ಲುತ್ತಿರುವುದು. ಮೋಡವಿದ್ದರೆ ಅದು ಕಂಬಳಿಯಂತೆ ಬಹುಭಾಗವನ್ನು ಹಿಂದಕ್ಕೆ ಕೊಡುವುದು. ಆಕಾಶ ಶುಭ್ರವಾಗಿದ್ದರೆ ಕೊಟ್ಟುದು ಹೋಯಿತೆಂದೇ ಲೆಕ್ಕ. ನೆಲ ತಣ್ಣಗಾಗುವುದು, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುವುದು. ತಣ್ಣನೆಯ ಗಾಳಿ ಭಾರವಾದುದರಿಂದ ಮೇಲೇಳದೆ ಅಲ್ಲಿಯೇ ಮಡುಗಟ್ಟುವುದು. ಸಾಮಾನ್ಯವಾಗಿ ಮೇಲೆ ಹೋದಂತೆಲ್ಲ ಚಳಿ ಹೆಚ್ಚಬೇಕು. ಇಂಥ ರಾತ್ರಿಗಳಲ್ಲಿ ಮೇಲೆ ಬೆಚ್ಚಗೆ, ಕೆಳಗೆ ಚಳಿ. ಇದಕ್ಕೆ ಉಷ್ಣತಾ ವಿಲೋಮವೆಂದು ಹೆಸರು.

ಗಾಳಿಯು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಗೆ ಒಂದು ಮಿತಿಯಿದೆ. ೧೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು ೧೨.೮ ಗ್ರಾಂ ಆವಿಯನ್ನು ಹಿಡಿಯಬಲ್ಲುದು. ೧೪ ಡಿಗ್ರಿಯಲ್ಲಿ ೧೨.೧ ಗ್ರಾಂ ಮಾತ್ರ. ಉಷ್ಣತೆ ಈ ಒಂದು ಡಿಗ್ರಿ ಇಳಿಯಿತೆಂದರೆ ೦.೭ ಗ್ರಾಂ ಆವಿ ನೀರಾಗಲೇಬೇಕು. ಅದರಲ್ಲಿ ಒಂದು ಪಾಲು ಹುಲ್ಲಿನ ಮೇಲೆ ಇಬ್ಬನಿಯಾಗುವುದು, ಇನ್ನೊಂದು ಪಾಲು ಗಾಳಿಯಲ್ಲಿಯೇ ತೇಲುವ ಧೂಳಿನ ಕಣಗಳನ್ನು ಆಶ್ರಯಿಸಿ ಮಂಜಾಗುವುದು. ಎಷ್ಟು ನೀರು ಎಂಬುದನ್ನು ಕೇಳಿದರೆ ಆಶ್ಚರ್ಯವಾದೀತು. ಘನಮೀಟರಿಗೆ ೦.೦೫ ಗ್ರಾಂ ಸಾಕು! ಇದು ಒಂದೇ ಒಂದು ದಪ್ಪ ಮಳೆಹನಿಯಷ್ಟು ನೀರು. ಆ ಹನಿ ಹನಿಯಾಗಿಯೇ ಇದ್ದರೆ ಯಾರ ದೃಷ್ಟಿಗೂ ಅಡ್ಡಿಯಿಲ್ಲ. ಆದರೆ ಅದೇ ನೀರು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು ವ್ಯಾಸದ ತುಂತುರುಗಳಾಗಿ ಒಡೆದರೆ ಅವುಗಳ ಸಂಖ್ಯೆ ಹತ್ತು ಕೋಟಿಗೆ ಹತ್ತಿರವಾಗುವುದು. ಅವೆಲ್ಲ ಸೇರಿ ಬೆಳಕಿಗೆ ಒಡ್ಡುವ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ೭೫ ಚದರ ಸೆಂಟಿಮೀಟರ್ ಆಗುವುದು. ಅಲ್ಲದೆ ವಿವರ್ತನೆಯ ದೆಸೆಯಿಂದ ಪ್ರತಿ ತುಂತುರೂ ತನ್ನ ಅಡ್ಡಕೊಯ್ತಕ್ಕೆ ಎರಡರಷ್ಟು ಬೆಳಕನ್ನು ದಾರಿ ತಪ್ಪಿಸುವುದು. ಲೆಕ್ಕ ಮಾಡಿದರೆ ಪ್ರತಿ ಮೀಟರಿಗೆ ನೂರಕ್ಕೆ ಒಂದೂವರೆ ಪಾಲು ಬೆಳಕು ನಷ್ಟ. ಇದು ಅಲ್ಪವೆಂದು ತೋರಬಹುದು. ಆದರೆ ಈ ನಷ್ಟ ಚಕ್ರಬಡ್ಡಿಯಂತೆ ಕೂಡುತ್ತ ಹೋಗುವುದು: ೩೦ ಮೀಟರ್ ದಾಟುವಷ್ಟರಲ್ಲಿ ಉಳಿಯುವುದು ನೂರಕ್ಕೆ ೬೪, ೬೦ ಮೀಟರಿನಲ್ಲಿ ೪೧, ೨೦೦ ಮೀಟರಿನಲ್ಲಿ ೫. ಅಲ್ಲಿಗೆ ಕಣ್ಣಿನ ಶಕ್ತಿ ಮುಗಿಯಿತು. ದೃಗ್ಗೋಚರತೆ ೨೦೦ ಮೀಟರ್ ಎಂದು ಹೇಳುವುದು ಈ ಅರ್ಥದಲ್ಲಿ.

ವಿಮಾನನಿಲ್ದಾಣದಲ್ಲಿ ಇದನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. ರನ್‌ವೇಯ ಪಕ್ಕದಲ್ಲಿ ಒಂದು ದೀಪವನ್ನೂ ಅದರಿಂದ ಸ್ವಲ್ಪ ದೂರದಲ್ಲಿ ಒಂದು ದ್ಯುತಿಗ್ರಾಹಕವನ್ನೂ ನಿಲ್ಲಿಸಿ, ಹೊರಟ ಬೆಳಕಿನಲ್ಲಿ ಎಷ್ಟು ಪಾಲು ತಲಪಿತೆಂಬುದನ್ನು ಅಳೆದು, ಮೇಲಿನ ಲೆಕ್ಕವನ್ನೇ ಯಂತ್ರದಿಂದ ಮಾಡಿಸುವರು. ಈ ಉಪಕರಣವನ್ನು ಭಾರತವು ಬಹುಕಾಲ ಹೊರದೇಶಗಳಿಂದ ತರಿಸುತ್ತಿದ್ದಿತು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ‘ದೃಷ್ಟಿ’ ಎಂಬ ಹೆಸರಿನಲ್ಲಿ ಇದನ್ನು ಇಲ್ಲಿಯೇ ನಿರ್ಮಿಸಿದುದು ನಮಗೆ ಹೆಮ್ಮೆಯ ವಿಷಯ.

ಇಳಿಯುವ ದೊಡ್ಡ ವಿಮಾನದ ವೇಗ ಸೆಕೆಂಡಿಗೆ ಸುಮಾರು ೭೦ ಮೀಟರ್. ೨೦೦ ಮೀಟರ್ ಕಾಣುವುದೆಂದರೆ ಚಾಲಕನಿಗೆ ಮೂರು ಸೆಕೆಂಡಿನ ಮುನ್ಸೂಚನೆ ಮಾತ್ರ. ಆದುದರಿಂದ ಅವನು ಕಣ್ಣಿಗೆ ಬದಲಾಗಿ ರೇಡಿಯೋವನ್ನು ನಂಬಬೇಕು. ರನ್‌ವೇಯ ಕೊನೆಯಲ್ಲಿರುವ ಆಂಟೆನಾ ಎರಡು ಅಲೆಗಳ ಪಟ್ಟಿಯನ್ನು ಕಳುಹಿಸುವುದು. ಒಂದರ ಮೇಲೆ ಸೆಕೆಂಡಿಗೆ ೯೦ ಕಂಪನಗಳ ಗುರುತು, ಇನ್ನೊಂದರ ಮೇಲೆ ೧೫೦ ಕಂಪನಗಳ ಗುರುತು. ಎರಡೂ ಸಮನಾಗಿ ಕೇಳಿಸಿದರೆ ವಿಮಾನ ನಡುಗೆರೆಯ ಮೇಲಿದೆ. ಒಂದು ಹೆಚ್ಚಾದರೆ ಎಡಕ್ಕೋ ಬಲಕ್ಕೋ ಸರಿದಿದೆ. ಇಳಿಜಾರಿಗೆ ಇಂಥದೇ ಮತ್ತೊಂದು ಜೋಡಿ ಇರುವುದು. (ರೇಡಿಯೋ ಅಲೆಗಳನ್ನು ಸೂರ್ಯನಿಂದ ಕೇಳಿಸಿಕೊಳ್ಳುವ ದೂರದರ್ಶಕ ಗೌರಿಬಿದನೂರಿನ ಬಳಿಯೇ ಇದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಆಂಟೆನಾ ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.)

ಈ ವ್ಯವಸ್ಥೆಗೆ ದರ್ಜೆಗಳುಂಟು. ಮೊದಲನೆಯ ದರ್ಜೆಯಲ್ಲಿ ರನ್‌ವೇಯ ಮೇಲೆ ಕಡಮೆಯೆಂದರೆ ೫೫೦ ಮೀಟರ್ ಕಾಣಬೇಕು, ಮತ್ತು ನೆಲದಿಂದ ಸುಮಾರು ೬೦ ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ದೀಪಗಳು ಚಾಲಕನ ಕಣ್ಣಿಗೆ ಬೀಳದಿದ್ದರೆ ಅವನು ಮತ್ತೆ ಮೇಲೇರಬೇಕು. ದೇವನಹಳ್ಳಿಯಲ್ಲಿ ಮೊದಲು ಇದ್ದುದು ಇದೇ ದರ್ಜೆ. ಎರಡನೆಯ ರನ್‌ವೇ ೨೦೧೯ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು; ೨೦೨೦–೨೧ರ ಚಳಿಗಾಲದಲ್ಲಿ ಅದಕ್ಕೆ ‘ಮೂರು–ಬಿ’ ಎಂಬ ಮೇಲಿನ ದರ್ಜೆ ದೊರೆತು, ೫೦ ಮೀಟರ್ ಕಂಡರೂ ಇಳಿಯಲು, ೧೨೫ ಮೀಟರ್ ಕಂಡರೆ ಏರಲು ಸಾಧ್ಯವಾಯಿತು. ಆದರೆ ನೆಲದ ಮೇಲಿನ ಸಲಕರಣೆಯೊಂದೇ ಸಾಲದು. ವಿಮಾನದಲ್ಲಿಯೂ ತಕ್ಕ ಯಂತ್ರಗಳಿರಬೇಕು. ಚಾಲಕರಿಗೂ ಅದಕ್ಕೆಂದೇ ತರಬೇತಿಯಾಗಿರಬೇಕು. ಇವುಗಳಲ್ಲಿ ಒಂದು ಕೊರೆಯಾದರೂ ಆ ವಿಮಾನ ಕಾಯತಕ್ಕದ್ದೇ. ಪಕ್ಕದ ವಿಮಾನ ಹೊರಟುದಕ್ಕೂ ನಮ್ಮ ತರುಣನದು ನಿಂತುದಕ್ಕೂ ಇದೇ ಕಾರಣವಾಗಿರಬಹುದು. ಹೋಗಬೇಕಾದ ಊರಿನಲ್ಲಿಯೂ ಮಂಜು ಕವಿದಿರಬಹುದು. ಡಿಸೆಂಬರ್–ಜನವರಿಗಳಲ್ಲಿ ದೆಹಲಿಯ ಮಂಜು ನಮ್ಮದಕ್ಕಿಂತ ಬಹಳ ಮೊಂಡು. ಈ ಕಾರಣವನ್ನು ಪ್ರಯಾಣಿಕರಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳಿದರೆ ಅರ್ಧ ಜಗಳ ನಿಂತೀತೆಂದು ನನ್ನ ಅಭಿಪ್ರಾಯ. ಬರಿಯ ‘ತಡವಾಗಿದೆ’ ಎಂಬ ಫಲಕ ಯಾರ ಸಿಟ್ಟನ್ನೂ ಇಳಿಸಲಾರದು.

ಇನ್ನೊಂದು ತೊಡಕೂ ಉಂಟು. ರೇಡಿಯೋ ಪಟ್ಟಿಯ ಬಳಿ ಮತ್ತೊಂದು ವಿಮಾನ ನಿಂತರೆ ಅದರ ಲೋಹದ ಮೈಯಿಂದ ಅಲೆಗಳು ಪ್ರತಿಫಲಿಸಿ ಗೆರೆ ಸೊಟ್ಟಗಾಗುವುದು. ಆದುದರಿಂದ ಮಂಜಿನಲ್ಲಿ ವಿಮಾನಗಳ ನಡುವೆ ಹೆಚ್ಚು ಅಂತರವನ್ನು ಬಿಡಬೇಕು, ಎಂದರೆ ಗಂಟೆಗೆ ಇಳಿದು ಏರುವ ಸಂಖ್ಯೆ ಕಡಮೆಯಾಗಬೇಕು. ದೇಶದೊಳಗಿನ ವಿಮಾನಗಳು ಒತ್ತಾಗಿ ಹೊರಡುವುದೂ ಅದೇ ಮುಂಜಾನೆಯ ಹೊತ್ತು. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರುಗಳನ್ನು ಸುತ್ತುವುದರಿಂದ ಬೆಳಗಿನ ತಡ ಸಂಜೆಯ ಬಿಸಿಲಿನಲ್ಲಿಯೂ ಬೆನ್ನು ಬಿಡುವುದಿಲ್ಲ.

ಇಲ್ಲಿಂದ ಮುಂದೆ ಗಣಿತ. ಸರದಿ ಸಾಲುಗಳ ಶಾಸ್ತ್ರವನ್ನು ಮೊದಲು ಬೆಳೆಸಿದವನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಡೇನಿಷ್ ಗಣಿತಜ್ಞ. ಅವನ ಮೊದಲ ಲೇಖನ ೧೯೦೯ರದು. ಭದ್ರತಾ ತಪಾಸಣೆಯ ಒಂದು ಸಾಲಿನಲ್ಲಿ ಒಬ್ಬರಿಗೆ ಸರಾಸರಿ ೨೦ ಸೆಕೆಂಡು ಹಿಡಿಯುವುದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಎಂದರೆ ನಿಮಿಷಕ್ಕೆ ೩ ಜನ. ನಿಮಿಷಕ್ಕೆ ಎರಡೂವರೆ ಮೂರು ಜನ ಬಂದರೆ ಏನೂ ತೊಂದರೆಯಿರಬಾರದೆಂದು ನಾವು ಯೋಚಿಸುವೆವು. ಆದರೆ ಜನರು ಗಡಿಯಾರದ ಮುಳ್ಳಿನಂತೆ ಬರುವುದಿಲ್ಲ. ಒಮ್ಮೆ ಬಸ್ಸಿನಿಂದ ಇಪ್ಪತ್ತು ಮಂದಿ ಇಳಿಯುವರು, ಒಮ್ಮೆ ಯಾರೂ ಇಲ್ಲ. ತಪಾಸಣೆಯೂ ಒಬ್ಬರಿಗೆ ಐದು ಸೆಕೆಂಡು, ಚೀಲದಲ್ಲಿ ನೀರಿನ ಸೀಸೆಯನ್ನು ಮರೆತವನಿಗೆ ಎರಡು ನಿಮಿಷ. ಖಾಲಿ ಹೋದ ಕ್ಷಣವನ್ನು ಮುಂದಕ್ಕೆ ಕೂಡಿಡಲಾಗುವುದಿಲ್ಲ. ಈ ಅನಿಯತತೆಯನ್ನು ಸಂಭವನೀಯತೆಯ ಸರಳ ನಿಯಮಗಳಿಂದ ಲೆಕ್ಕ ಹಾಕಿದರೆ ಬರುವ ಫಲ ಇದು: ನಿಮಿಷಕ್ಕೆ ಸರಾಸರಿ ೧.೫ ಜನ ಬಂದರೆ ಕಾಯುವ ಕಾಲ ೨೦ ಸೆಕೆಂಡು, ೨.೪ ಜನ ಬಂದರೆ ೮೦ ಸೆಕೆಂಡು, ೨.೭ ಆದರೆ ೩ ನಿಮಿಷ, ೨.೮೫ ಆದರೆ ೬ ನಿಮಿಷದ ಮೇಲೆ, ೨.೯೪ ಆದರೆ ೧೬ ನಿಮಿಷ. ಜನಸಂಖ್ಯೆ ಎರಡರಷ್ಟೂ ಆಗಲಿಲ್ಲ, ಕಾಯುವುದು ಸುಮಾರು ಐವತ್ತು ಪಟ್ಟಾಯಿತು! ಹಬ್ಬದ ಹಿಂದಿನ ದಿನ ‘ಹತ್ತು ಜನ ಹೆಚ್ಚಾಗಿ ಬಂದುದಕ್ಕೆ ಇಷ್ಟು ಗದ್ದಲವೇ’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಒಂದೇ ಒಂದು ಸಾಲನ್ನು ಹೆಚ್ಚಾಗಿ ತೆರೆದರೆ ಗದ್ದಲ ಕರಗುವುದಕ್ಕೂ ಇದೇ ಕಾರಣ.

ಅಮೆರಿಕದ ಜಾನ್ ಲಿಟ್ಲ್ ಎಂಬವರು ೧೯೬೧ರಲ್ಲಿ ಸಾಧಿಸಿದ ಒಂದು ಪ್ರಮೇಯ ಇನ್ನೂ ಸರಳ, ಯಾವ ಸಾಲಿಗೂ ಸಲ್ಲುವುದು: ಸಾಲಿನಲ್ಲಿರುವವರ ಸರಾಸರಿ ಸಂಖ್ಯೆ, ಬರುವ ವೇಗ ಮತ್ತು ಕಾಯುವ ಕಾಲಗಳ ಗುಣಲಬ್ಧಕ್ಕೆ ಸಮ. ನಿಮ್ಮ ಮುಂದೆ ೪೦ ಜನರಿದ್ದು, ನಿಮಿಷಕ್ಕೆ ೨.೭ ಜನ ಒಳಹೋಗುತ್ತಿದ್ದರೆ ನಿಮಗೆ ಇನ್ನು ಸುಮಾರು ೧೫ ನಿಮಿಷ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಿನಲ್ಲಿಯೂ ಪಡಿತರ ಅಂಗಡಿಯ ಮುಂದೆಯೂ ಇದನ್ನು ಪರೀಕ್ಷಿಸಬಹುದು.

ಹಾಗಾದರೆ ಪ್ರಯಾಣಿಕನ ತೃಪ್ತಿಯನ್ನು ಅಳೆಯಬಹುದೇ? ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ೨೦೦೬ರಿಂದ ಇಂಥ ಸಮೀಕ್ಷೆಯನ್ನು ನಡೆಸುತ್ತಿದೆ. ವಿಮಾನವೇರಲು ಕುಳಿತವರಿಗೆ ಪ್ರಶ್ನಾವಳಿಯನ್ನು ಕೊಟ್ಟು, ಸಾಲು, ಶುಚಿತ್ವ, ಸಿಬ್ಬಂದಿಯ ಸೌಜನ್ಯ ಮೊದಲಾದುವಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಿಸುವರು. ಬಂದಿಳಿಯುವವರ ಅನುಭವವನ್ನು ಕುರಿತ ಪ್ರತ್ಯೇಕ ಸಮೀಕ್ಷೆಯೊಂದರಲ್ಲಿ ೨೦೨೨ನೆಯ ವರ್ಷಕ್ಕೆ ನಮ್ಮ ನಿಲ್ದಾಣವೇ ಜಗತ್ತಿನಲ್ಲಿ ಶ್ರೇಷ್ಠವೆಂದು ಪುರಸ್ಕೃತವಾಯಿತು. ಅದೇ ವರ್ಷ ನವೆಂಬರ್ ೧೧ರಂದು ಎರಡನೆಯ ನಿಲ್ದಾಣಭವನದ ಉದ್ಘಾಟನೆಯಾಯಿತು. ಡಿಸೆಂಬರಿನಲ್ಲಿ ಮುಖವನ್ನೇ ಗುರುತಿನ ಚೀಟಿಯಾಗಿ ಓದುವ ‘ಡಿಜಿ ಯಾತ್ರಾ’ ಬಂದಿತು. ಸಂತೋಷವೇ. ಆದರೂ ವಿಜ್ಞಾನದ ವಿದ್ಯಾರ್ಥಿ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಏರುವ ಬಾಗಿಲಿನಲ್ಲಿ ಕೇಳಿದರೆ ಸಿಗುವವರು ಅಲ್ಲಿಯವರೆಗೆ ತಲಪಿದವರು ಮಾತ್ರ. ಸಾಲಿನಲ್ಲಿಯೇ ವಿಮಾನ ತಪ್ಪಿಹೋದವನಿಗೆ ಪ್ರಶ್ನಾವಳಿ ದೊರೆಯುವುದಿಲ್ಲ. ಅಳೆಯುವ ಸ್ಥಳವೇ ಅಳತೆಯನ್ನು ಬದಲಿಸುವುದೆಂಬುದು ಪ್ರಯೋಗಶಾಲೆಯಲ್ಲಿಯೂ ಕಾಣುವ ಮಾತು.

ಬಿಸಿಲಿಗೂ ತನ್ನದೇ ತೊಡಕಿದೆಯೆಂಬುದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ೯೧೫ ಮೀಟರ್ ಎತ್ತರದಲ್ಲಿ, ೩೦ ಡಿಗ್ರಿಯ ಉಷ್ಣತೆಯಲ್ಲಿ, ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಕ್ಕಿಂತ ನೂರಕ್ಕೆ ಸುಮಾರು ೧೫ ಕಡಮೆ. ರೆಕ್ಕೆಗೆ ಸಿಗುವ ಆಧಾರ ಅಷ್ಟರಮಟ್ಟಿಗೆ ತೆಳು. ಅದೇ ಭಾರವನ್ನು ಎತ್ತಲು ನೂರಕ್ಕೆ ೮ರಷ್ಟು ಹೆಚ್ಚು ವೇಗ ಬೇಕು, ಓಟವೂ ಉದ್ದವಾಗಬೇಕು. ಇಲ್ಲಿಯ ರನ್‌ವೇಗಳು ೪೦೦೦ ಮೀಟರ್ ಉದ್ದವಾಗಿರುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಮಾಡಬಹುದಾದ ಪ್ರಯೋಗ: ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ನೀರು ಹಾಕಿ, ಉಷ್ಣತಾಮಾಪಕವನ್ನು ಇಟ್ಟು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಬಿಡುತ್ತ ಕಲಕಿರಿ. ಲೋಟದ ಹೊರಮೈ ಮಸುಕಾದ ಕ್ಷಣದ ಉಷ್ಣತೆಯೇ ತುಷಾರಬಿಂದು. ಚಳಿಗಾಲದಲ್ಲಿ ಒಂದು ತಿಂಗಳು ಪ್ರತಿ ಸಂಜೆ ಇದನ್ನೂ ಮರುದಿನ ಮುಂಜಾನೆಯ ಉಷ್ಣತೆಯನ್ನೂ ಎರಡು ಕಲಮುಗಳಲ್ಲಿ ಬರೆದಿಡಿರಿ. ಮೂರನೆಯ ಕಲಮಿನಲ್ಲಿ ರಾತ್ರಿ ಮೋಡವಿದ್ದಿತೇ, ಗಾಳಿ ಬೀಸಿತೇ, ಬೆಳಗ್ಗೆ ಮಂಜು ಕವಿದಿತೇ ಎಂಬುದನ್ನು ಗುರುತಿಸಿರಿ.