ಉಕ್ಕಿನ ಹದ

ನವಲಗುಂದ ಸೀಮೆಯ ಎರೆಭೂಮಿಯಲ್ಲಿ ಬದುಕೆಲ್ಲ ಹದದ ಮೇಲೆ ನಿಂತಿದೆ. ಮಳೆ ಬಿದ್ದ ಮರುದಿನ ಹೊಲಕ್ಕೆ ಕಾಲಿಟ್ಟರೆ ಕೆಸರಿನಲ್ಲಿ ಹೂತುಹೋಗುತ್ತದೆ. ಕೆಲವು ದಿನ ಮೈಮರೆತರೆ ನೆಲ ಬಿರಿದು ಕಲ್ಲಿನಂತಾಗುತ್ತದೆ. ಇವೆರಡರ ನಡುವಿನ ಅಲ್ಪಾವಧಿಯಲ್ಲಿಯೇ ಹಿಂಗಾರಿಯ ಜೋಳ, ಕಡಲೆ ಮಣ್ಣು ಸೇರಬೇಕು. ಆ ಹೊತ್ತಿನಲ್ಲಿ ರೈತನ ಸಾಧನ ಮುರಿದರೆ ವರುಷದ ಅನ್ನಕ್ಕೇ ಕುತ್ತು ಬಂದಂತೆ.

ಹಲವು ವರ್ಷಗಳ ಹಿಂದೆ ನಮ್ಮ ಕಾಕಾನ ಹೊಲದಲ್ಲಿ ಹಾಗೆಯೇ ಆಯಿತು. ಕುಂಟೆ ಹೊಡೆಯುವಾಗ ಅದರ ಕುಡ, ಎಂದರೆ ನೆಲದೊಳಗೆ ಸರಿಯುವ ಉದ್ದನೆಯ ಅಲಗು, ಜಾಲಿಯ ಬೇರಿಗೆ ತಗುಲಿ ಗಾಜಿನಂತೆ ಎರಡು ತುಂಡಾಯಿತು. ವಾರದ ಹಿಂದಷ್ಟೇ ಮಾಡಿಸಿದ್ದ ಹೊಸ ಕುಡ ಅದು. ಊರಿನ ಇನ್ನೂ ಮೂವರ ಕುಡಗಳು ಅದೇ ರೀತಿ ಮುರಿದವು. ಕಂಬಾರಜ್ಜನ ಕೈಗುಣ ಹೋಯಿತೆಂದು ಜನ ಆಡಿಕೊಂಡರು. ಐವತ್ತು ವರ್ಷ ಕುಲುಮೆಯ ಮುಂದೆ ಕುಳಿತಿದ್ದ ಆ ಹಿರಿಯ ಜೀವ ಮುರಿದ ತುಂಡುಗಳನ್ನು ಹಿಡಿದು, "ಕೈ ಅದೇ, ಬೆಂಕಿ ಅದೇ, ನೀರೂ ಅದೇ. ಹಿಂಗ್ಯಾಕಾತು?" ಎಂದು ತನ್ನನ್ನೇ ಕೇಳಿಕೊಂಡಿತು. ಮರುದಿನ ಕುಲುಮೆಯಲ್ಲಿ ಬೆಂಕಿ ಕಾಣಲಿಲ್ಲ.

ಅಜ್ಜನ ಮೊಮ್ಮಗ ಸುರತ್ಕಲ್ಲಿನಲ್ಲಿ ಲೋಹವಿಜ್ಞಾನದ ಇಂಜಿನಿಯರಿಂಗ್ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ. 1909ರಲ್ಲಿ ಸ್ಥಾಪನೆಗೊಂಡ ಆ ಸಂಸ್ಥೆಯಲ್ಲಿ ಲೋಹವಿಜ್ಞಾನದ ವಿಭಾಗ ಆರಂಭವಾದುದು 1945ರಲ್ಲಿ. "ಇಂಜಿನಿಯರ್ ಆದ ಮೇಲೂ ಓದುವುದೇನು ಉಳಿಯಿತು? ನೌಕರಿ ಹಿಡಿದು ಮನೆಗೆ ಆಸರೆಯಾಗಬಾರದೆ?" ಎಂದು ಊರವರು ಕೇಳುತ್ತಿದ್ದರು. ಬಾಯಿಬಿಟ್ಟು ಹೇಳದಿದ್ದರೂ ಅಜ್ಜನ ಮನಸ್ಸಿನಲ್ಲಿಯೂ ಅದೇ ಪ್ರಶ್ನೆ ಇತ್ತು.

ದಸರಾ ರಜೆಗೆ ಬಂದ ಆ ತರುಣ ಥಟ್ಟನೆ ಯಾವ ತೀರ್ಪನ್ನೂ ಕೊಡಲಿಲ್ಲ. ಮೊದಲು ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದ. ಕುಡ ಎಲ್ಲಿಯೂ ಬಾಗಿರಲಿಲ್ಲ. ಮುರಿದಲ್ಲಿ ಹರಳು ಹರಳಾಗಿ ಹೊಳೆಯುತ್ತಿತ್ತು. ಅರದಿಂದ ಉಜ್ಜಿದರೆ ಅರವೇ ಜಾರಿತು. ಲೋಹ ಮಿತಿಮೀರಿ ಗಡುಸಾಗಿದೆ ಎಂಬುದು ಅದರಿಂದ ತಿಳಿಯಿತು. ಆಮೇಲೆ, "ಅಜ್ಜಾ, ಈ ಕಬ್ಬಿಣ ಎಲ್ಲಿಂದ ತಂದಿ?" ಎಂದು ಕೇಳಿದ. ಮೊದಲೆಲ್ಲ ಚಕ್ಕಡಿಯ ಗಾಲಿಗೆ ಹಾಕುವ ಹಳೆಯ ಹಳಿಗಳಿಂದ ಅಜ್ಜ ಕುಡ ಮಾಡುತ್ತಿದ್ದ. ಈ ಸಲ ಹಳಿ ಸಿಗದೆ ಹುಬ್ಬಳ್ಳಿಯ ಗುಜರಿಯಿಂದ ಲಾರಿಯ ಪಾಟಾ, ಎಂದರೆ ಸ್ಪ್ರಿಂಗಿನ ಪಟ್ಟಿಗಳನ್ನು, ತಂದಿದ್ದ.

"ಕೈ ಅದೇ, ಬೆಂಕಿ ಅದೇ. ಆದರ ಕಬ್ಬಿಣ ಅದಲ್ಲ ಅಜ್ಜಾ" ಎಂದ ಮೊಮ್ಮಗ.

ಕಬ್ಬಿಣದಲ್ಲಿ ಬೆರೆತ ಇಂಗಾಲದ ಪ್ರಮಾಣವೇ ಅದರ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹಳಿಯಂಥ ಮೆದು ಉಕ್ಕಿನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 0.25ಕ್ಕಿಂತ ಕಡಿಮೆ; ಸ್ಪ್ರಿಂಗಿನ ಉಕ್ಕಿನಲ್ಲಿ ಸುಮಾರು 0.5ರಿಂದ 0.6. ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕಿ ಕೆಂಪಗೆ ಕಾಯಿಸಿದಾಗ ಇಂಗಾಲವು ಕಬ್ಬಿಣದ ಹರಳುಗಳಲ್ಲಿ ಕರಗಿ ಬೆರೆಯುತ್ತದೆ. ಮೆಲ್ಲನೆ ಆರಿಸಿದರೆ ಅದು ಹೊರಬಂದು ಬೇರೆ ನೆಲೆ ಹಿಡಿಯುತ್ತದೆ. ಥಟ್ಟನೆ ತಣಿಸಿದರೆ ಒಳಗೇ ಸಿಕ್ಕಿಬಿದ್ದು ಹರಳುಗಳನ್ನು ಬಿಗಿಗೊಳಿಸುತ್ತದೆ. ಆಗ ಉಕ್ಕು ಗಡುಸಾಗುತ್ತದೆ, ಆದರೆ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಇಂಗಾಲ ಕಡಿಮೆಯಿದ್ದ ಹಳಿಗೆ ನೀರಿನಿಂದ ಅಪಾಯವಾಗಲಿಲ್ಲ. ಪಾಟಾಕ್ಕೆ ಅದೇ ನೀರು ಮುಳುವಾಯಿತು.

ಅಂದೇ ಕುಲುಮೆಗೆ ಮತ್ತೆ ಬೆಂಕಿ ಬಿದ್ದಿತು. ಪಾಟಾದ ಎರಡು ಚಿಕ್ಕ ತುಂಡುಗಳನ್ನು ಸಮನಾಗಿ ಕಾಯಿಸಿ, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಮೆಲ್ಲಗೆ ತಣಿಸುವ ಎಣ್ಣೆಯಲ್ಲಿ ಅದ್ದಿದರು. ಎಣ್ಣೆಯ ತುಂಡನ್ನು ಉಜ್ಜಿ ಬೆಳಗಿ ಮಂದ ಉರಿಯಲ್ಲಿ ಮತ್ತೆ ಕಾಯಿಸಬೇಕಾಗಿತ್ತು. ಉಷ್ಣವನ್ನು ಅಳೆಯುವ ಉಪಕರಣ ಅಲ್ಲಿರಲಿಲ್ಲ. ಆಗ ನೆರವಿಗೆ ಬಂದುದು ಅಜ್ಜನ ಕಣ್ಣು. ಬೆಳಗಿದ ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಸುಮಾರು 300 ಡಿಗ್ರಿಯಲ್ಲಿ ನೀಲಿ ಮೂಡುತ್ತದೆ. ನೀಲಿ ದಾಟಿದ ಕ್ಷಣವನ್ನು ಗುರುತಿಸಿ ಅಜ್ಜ ಇಕ್ಕುಳ ಎತ್ತಿದ. ಸುತ್ತಿಗೆಯ ಪೆಟ್ಟಿಗೆ ನೀರಿನ ತುಂಡು ಸಿಡಿಯಿತು. ಎಣ್ಣೆಯ ತುಂಡು ತುಸು ಬಾಗಿ ನಿಂತಿತು. ಎರಡು ದಿನಗಳಲ್ಲಿ ನಾಲ್ಕು ಹೊಸ ಕುಡಗಳು ಸಿದ್ಧವಾದವು. ನೆಲದ ಹಸಿ ಆರುವ ಮುನ್ನ ಬಿತ್ತಿಗೆ ಮುಗಿಯಿತು.

ಇದು ನಮ್ಮೂರಿನ ಕಥೆಯಾದರೂ ಇದರಲ್ಲಿ ನಾಡಿನ ಕಥೆಯೂ ಅಡಗಿದೆ. ಒಂದು ಕಾಲಕ್ಕೆ ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾದ ಉಕ್ಕು ಹೊರದೇಶಗಳಲ್ಲಿ ಪ್ರಸಿದ್ಧವಾಗಿತ್ತು. ಆಂಗ್ಲರು ಅದನ್ನು 'ವೂಟ್ಸ್' ಎಂದು ಕರೆದರು. ಆ ಹೆಸರು ಕನ್ನಡದ 'ಉಕ್ಕು' ಶಬ್ದದಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಪರೀಕ್ಷಿಸಿ, ಜೇಮ್ಸ್ ಸ್ಟೊಡಾರ್ಟ್ ಎಂಬವನೊಡನೆ ತನ್ನ ಪ್ರಯೋಗಗಳನ್ನು 1820ರಲ್ಲಿ ಪ್ರಕಟಿಸಿದ. ಅದರ ಗುಣಕ್ಕೆ ಕಾರಣ ಅಲ್ಯೂಮಿನಿಯಂ ಇರಬಹುದೆಂಬ ಅವನ ಊಹೆ ತಪ್ಪಾಗಿತ್ತು; ಹೆಚ್ಚಿನ ಇಂಗಾಲವೇ ಮುಖ್ಯ ಕಾರಣವೆಂದು ಮುಂದಿನ ಸಂಶೋಧನೆಗಳು ತೋರಿದವು. ಅಗ್ಗದ ವಿದೇಶೀ ಉಕ್ಕು ಬಂದಂತೆ ನಮ್ಮ ಮೂಸೆಗಳು ಆರಿಹೋದವು. ಕೈಯಿಂದ ಕೈಗೆ ಬಂದ ವಿದ್ಯೆಯ ಬಹುಭಾಗ ಆ ಕೈಗಳೊಂದಿಗೇ ಮಣ್ಣಾಯಿತು.

ರೂಢಿಯ ಜ್ಞಾನ ಅಮೂಲ್ಯವಾದುದು. ಆದರೆ ವಸ್ತು ಬದಲಾದಾಗ ಅದು ದಾರಿ ಕಾಣದೆ ನಿಲ್ಲುತ್ತದೆ. ಉನ್ನತ ವ್ಯಾಸಂಗದ ಪ್ರಯೋಜನ ತಿಳಿಯುವುದು ಅಲ್ಲಿಯೇ. "ಮೊದಲ ಪದವಿ ನನಗೆ ಗೊತ್ತಿದ್ದ ಉತ್ತರಗಳನ್ನು ಕಲಿಸಿತು, ಉತ್ತರ ಗೊತ್ತಿಲ್ಲದಾಗ ಹೇಗೆ ಹುಡುಕಬೇಕೆಂಬುದನ್ನು ಈಗ ಕಲಿಯುತ್ತಿದ್ದೇನೆ" ಎಂದು ಆ ತರುಣ ನನ್ನೊಡನೆ ಹೇಳಿದ್ದುಂಟು.

ಅಂದಿನಿಂದ ಕುಲುಮೆಯಲ್ಲಿ ನೀರಿನ ದೋಣಿಯ ಪಕ್ಕದಲ್ಲಿ ಎಣ್ಣೆಯ ಡಬ್ಬಿಯೂ ಬಂದು ಕುಳಿತಿತು. ಹೊಸ ಕಬ್ಬಿಣ ಬಂದಾಗಲೆಲ್ಲ ಅಜ್ಜ ಅದರ ಕುಲಗೋತ್ರ ವಿಚಾರಿಸಿಯೇ ಬೆಂಕಿಗೆ ಇಡುತ್ತಿದ್ದ. ಮೊಮ್ಮಗನ ಓದು ಯಾವಾಗ ಮುಗಿಯುವುದೆಂದು ಊರವರು ಕೇಳಿದರೆ, "ಓದಲಿ ಬಿಡ್ರಿ, ಇನ್ನೂ ಎಷ್ಟೋ ಕಬ್ಬಿಣ ಅದಾವ" ಎನ್ನುತ್ತಿದ್ದ.