ಕೆಡ್ಡಸದಿಂದ ಬಿಸುವಿನವರೆಗೆ: ವಸಂತದ ಇನ್ನೊಂದು ಓದು

ಕನ್ನಡ ಕಾವ್ಯಪರಂಪರೆಯಲ್ಲಿ ವಸಂತವೆಂದರೆ ಚೈತ್ರ-ವೈಶಾಖ. ಮಾವಿನ ಚಿಗುರು, ಕೋಗಿಲೆ, ಮಲ್ಲಿಗೆಗಳಿಂದ ಕಟ್ಟಿದ ವರ್ಣನೆ. ಆದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿ ಬದುಕಿನಲ್ಲಿ ಹೂವಿನ ಕಾಲ ಅದಕ್ಕಿಂತ ಮೊದಲೇ ತೊಡಗುತ್ತದೆ. ಮಾವು, ಗೇರುಗಳು ಹೂ ತಳೆದಿರುವ ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ, ತುಳುವರ ಪುಯಿಂತೆಲ್ ತಿಂಗಳ ಕೊನೆಯಲ್ಲಿ, ಕೆಡ್ಡಸ ಬರುತ್ತದೆ. ಭೂಮಿ ಋತುಮತಿಯಾಗಿರುವಳೆಂದು ಭಾವಿಸುವ ಆ 3 ದಿನ ನೆಲ ಅಗೆಯುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ.

'ಋತು' ಎಂಬ ಪದ ಕಾಲವನ್ನೂ ಹೆಣ್ಣಿನ ಫಲವಂತಿಕೆಯನ್ನೂ ಸೂಚಿಸುವುದು ಇಲ್ಲಿ ಗಮನಾರ್ಹ. ಕಾವ್ಯದಲ್ಲಿ ಶ್ಲೇಷೆಯಾಗಬಹುದಾದುದು ಇಲ್ಲಿ ಆಚರಣೆಯಾಗಿದೆ. ಕಾವ್ಯದ ವಸಂತ ನೋಡಿ ನಲಿಯುವವರದು. ಕೆಡ್ಡಸದ ವಸಂತ ಕೈ ತಡೆದು ಕಾಯುವವರದು. ಏಪ್ರಿಲ್ ನಡುವಿನಲ್ಲಿ, ಪಗ್ಗು ತಿಂಗಳ ಮೊದಲ ದಿನ, ಬಿಸು ಕಣಿಯಲ್ಲಿ ಮಾವು, ಗೇರುಹಣ್ಣುಗಳನ್ನು ಇರಿಸುವಾಗ ಆ ಕಾಯುವಿಕೆ ಫಲಿಸುತ್ತದೆ. ನಡುವೆ ಅಕಾಲಿಕ ಮಳೆ ಸುರಿದರೆ ಹೂ ಕರಟಿ ಉದುರುತ್ತದೆ; ಆದ್ದರಿಂದ ಈ ಸೊಬಗಿನ ಬೆನ್ನಿಗೇ ಆತಂಕವೂ ಇದೆ.

ಋತುವರ್ಣನೆಯನ್ನು ಅಷ್ಟಾದಶ ವರ್ಣನೆಗಳಲ್ಲಿ ಒಂದೆಂದಷ್ಟೇ ಬೋಧಿಸಿದಲ್ಲಿ ಸೌಂದರ್ಯ ಹಾಗೂ ಸಂಯಮಗಳ ಈ ನಂಟು ಕೈತಪ್ಪುತ್ತದೆ. ಕಾವ್ಯದ ವಸಂತದೊಡನೆ ಮಣ್ಣಿನ ವಸಂತವನ್ನೂ ಇರಿಸಿ ಓದಬೇಕಾದ ಅಗತ್ಯ ಇರುವುದು ಇಲ್ಲಿಯೇ.