ಮೊದಲು ದೀಪ ನೋಡು, ಆಮೇಲೆ ಲ್ಯಾಪ್‌ಟಾಪ್

ತಮ್ಮಾ, ಕಮಲಾಪುರದಲ್ಲಿ ಬಸ್ಸು ಹತ್ತಿ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಳಿಯುತ್ತೀ. ಮಿಲ್ಲಿನೊಳಗೆ ಕಾಲಿಟ್ಟವನೇ ಲ್ಯಾಪ್‌ಟಾಪ್ ತೆಗೆಯುತ್ತೀ. ಬೇಳೆ ಪ್ಯಾಕಿಂಗ್ ಯಂತ್ರದ ಮೋಷನ್ ಕಂಟ್ರೋಲರ್ ಮಾತಾಡದಿದ್ದರೆ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುತ್ತೀ. ನಿಮ್ಮೂರಿನ ಕೆಂಪು ಬಾಳೆ ಗೊನೆಗೆ ಜನ ಹತ್ತಿರ ಹತ್ತಿರ ಒಂದೂವರೆ ವರ್ಷ ಕಾಯುತ್ತಾರೆ. ನಿನಗೆ ಒಂದೂವರೆ ನಿಮಿಷ ಪುರಸೊತ್ತಿಲ್ಲ. ಕೈ ಚುರುಕಿದೆ, ತಲೆಯೂ ಇದೆ. ಅದಕ್ಕೇ ಕೂರಿಸಿಕೊಂಡು ಹೇಳುತ್ತಿದ್ದೇನೆ.

ಮೊದಲು ಪ್ಯಾನೆಲ್ ಬಾಗಿಲು ತೆಗೆ. ಈಥರ್ನೆಟ್ ಕೇಬಲ್ ಸೇರಿಸಿದ ಜಾಗದಲ್ಲಿ ಸಣ್ಣ ದೀಪ ಉರಿಯುತ್ತಿದೆಯೋ ನೋಡು. ದೀಪ ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ದಂಡ. ದಾಲ್ ಮಿಲ್ಲು ಅಂದ ಮೇಲೆ ಹೊಟ್ಟಿನ ದೂಳೂ ಉಂಟು, ಇಲಿಯೂ ಉಂಟು; ಕೇಬಲನ್ನು ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ ನೋಡು. ಯಂತ್ರ ನಿಂತಾಗ ಎಲ್ಲ ಸರಿ, ಸರ್ವೋ ಮೋಟಾರ್ ತಿರುಗಿದ ಕೂಡಲೇ ಸಂಪರ್ಕ ಹೋಗುತ್ತದೆಯೇ? ಕಂಟ್ರೋಲರ್ ಕೆಟ್ಟಿದೆ ಎಂದು ಮಾಲೀಕರಿಗೆ ಲಗುಬಗೆಯಿಂದ ಹೇಳಬೇಡ. ಮೋಟಾರಿನ ಪವರ್ ಕೇಬಲ್ ಜೊತೆಗೇ ಈಥರ್ನೆಟ್ ಕೇಬಲನ್ನೂ ಬಿಗಿದು ಕಟ್ಟಿರುತ್ತಾರೆ, ನೋಡು. ಬಿಡಿಸಿ ಬೇರೆ ದಾರಿಯಲ್ಲಿ ಒಯ್ಯಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸು. ಶೀಲ್ಡ್ ಇರುವ ಕೇಬಲ್ಲೇ ಇರಲಿ. ಒಂದು ತುಂಡು 100 ಮೀಟರ್ ಮೀರಬಾರದು.

ಇನ್ನೊಂದು ಮಾತು ಮನಸ್ಸಿನಲ್ಲಿ ಬರೆದಿಟ್ಟುಕೋ. ಕಂಟ್ರೋಲರಿನಲ್ಲಿ ನೋಡಲು ಒಂದೇ ತರದ ಎರಡು ಪೋರ್ಟ್ ಇರುವುದುಂಟು. ಒಂದು ಲ್ಯಾಪ್‌ಟಾಪಿಗೆ, ಯಂತ್ರ ನಡೆಸುವವರ ಪರದೆಯಾದ ಎಚ್‌ಎಂಐಗೆ. ಇನ್ನೊಂದು ಡ್ರೈವ್‌ಗಳಿಗೆ, ಅಲ್ಲಿ ಬಹುಮಟ್ಟಿಗೆ ಈಥರ್‌ಕ್ಯಾಟ್ ಓಡುತ್ತಿರುತ್ತದೆ. ಜರ್ಮನಿಯ ಬೆಕಾಫ್ ಕಂಪನಿ 2003ರಲ್ಲಿ ತಂದ ಪದ್ಧತಿ ಅದು. ಒಂದೇ ಫ್ರೇಮು ಡ್ರೈವಿನಿಂದ ಡ್ರೈವಿಗೆ ಹಾಯುತ್ತದೆ. ಪ್ರತಿ ಡ್ರೈವು ತನ್ನ ಪಾಲಿನದನ್ನು ಓದಿ, ತನ್ನ ಉತ್ತರ ಬರೆದು, ಮುಂದಕ್ಕೆ ಬಿಡುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ನಡೆಯುವ ಕೆಲಸ. ಆ ನಡುವೆ ಅಂಗಡಿಯಿಂದ ತಂದ ಸಾದಾ ಸ್ವಿಚ್ ಇಟ್ಟು ಲ್ಯಾಪ್‌ಟಾಪ್ ತೂರಿಸಿದೆಯೋ, ಡ್ರೈವ್‌ಗಳೆಲ್ಲ ಫಾಲ್ಟ್ ತೋರಿಸಿ ನಿಲ್ಲುತ್ತವೆ.

ಇನ್ನು ಐಪಿ ವಿಳಾಸ. ಟ್ರಯೋ ಕಂಟ್ರೋಲರ್ ಆದರೆ ಕಂಪನಿಯಿಂದ 192.168.0.250 ಎಂದು ಬರುತ್ತದೆ. ನಿನ್ನ ಲ್ಯಾಪ್‌ಟಾಪಿಗೆ ಮೊದಲ ಮೂರು ಸಂಖ್ಯೆ ಅವೇ ಇರಲಿ, ಕೊನೆಯದು ಅಲ್ಲಿ ಯಾವ ಸಾಧನಕ್ಕೂ ಇಲ್ಲದ್ದು ಇರಲಿ, ಮಾಸ್ಕ್ 255.255.255.0. ತಾನಾಗಿ ಸಿಗಲಿ ಎಂದು ಬಿಟ್ಟರೆ ಕೊಡುವವರು ಅಲ್ಲಿ ಯಾರೂ ಇಲ್ಲ. ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದನ್ನು ಹಾಕಿಕೊಳ್ಳುತ್ತದೆ. ಅದು ಕಂಡರೆ ನೀನೇ ವಿಳಾಸ ಬರೆಯಬೇಕು. ವೈಫೈ ಬಂದ್ ಮಾಡು. ಮಿಲ್ಲಿನ ಆಫೀಸಿನ ವೈಫೈಗೂ ಅದೇ ಅಂಕಿಗಳಿದ್ದರೆ ನಿನ್ನ ಮಾತು ಅತ್ತ ಹೋಗುತ್ತದೆ. ಪಿಂಗ್ ಮಾಡು. ಉತ್ತರ ಬಂತು, ಆದರೂ ಸಾಫ್ಟ್‌ವೇರ್ ಸೇರುತ್ತಿಲ್ಲ ಅಂದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ನೋಡು, ಪೋರ್ಟ್ ನಂಬರ್ ನೋಡು. ಮೋಡ್‌ಬಸ್ ಟಿಸಿಪಿಗೆ 502.

ಕಂಟ್ರೋಲರಿನ ವಿಳಾಸ ಬದಲಿಸುವ ಚಟ ಮಾತ್ರ ಬೇಡ. ನಿನ್ನ ಲ್ಯಾಪ್‌ಟಾಪ್ ಸೇರಿತು ಎಂದು ನೀನು ಹಿಗ್ಗುವಷ್ಟರಲ್ಲಿ ಎಚ್‌ಎಂಐ ಮೂಕವಾಗಿರುತ್ತದೆ. ಪಾಪ, ಅದು ಹಳೆಯ ವಿಳಾಸವನ್ನೇ ಕರೆಯುತ್ತಿರುತ್ತದೆ. ಮೊದಲು ಇದ್ದದ್ದರ ಫೋಟೋ ತೆಗೆ. ಪ್ರೋಗ್ರಾಂ ಬ್ಯಾಕಪ್ ತೆಗೆ. ಆಮೇಲೆ ಕೈ ಹಾಕು.

ಸಂಪರ್ಕ ಬಂದ ಮೇಲೆ ನಿನ್ನ ಬೆರಳಿಗೆ ಬಲ ಬರುತ್ತದೆ, ಅಲ್ಲೇ ನನಗೆ ಭಯ. ಕೂತಲ್ಲಿಂದ ಒಂದು ಕೀ ಒತ್ತಿದರೆ ಅಲ್ಲಿ ಬಿಸಿ ಸೀಲಿಂಗ್ ಜಾ ಮುಚ್ಚುತ್ತದೆ. ಅದರ ಬಳಿ ಯಾರದೋ ತಾಯಿಯ ಕೈ ಇರಬಹುದು. ಎದ್ದು ಹೋಗಿ ಕಣ್ಣಾರೆ ನೋಡು, ಕೂಗಿ ಹೇಳು, ಆಮೇಲೆ ಒತ್ತು. ಎಮರ್ಜೆನ್ಸಿ ಸ್ಟಾಪ್ ಬಟನ್ ತನ್ನದೇ ವೈರಿನಲ್ಲಿ ಕೆಲಸ ಮಾಡುತ್ತದೋ ಒತ್ತಿ ಪರೀಕ್ಷಿಸು. ಲ್ಯಾಪ್‌ಟಾಪಿನಿಂದ ನಿಲ್ಲಿಸುತ್ತೇನೆ ಎಂಬ ಧೈರ್ಯ ಸಲ್ಲದು.

ಯಂತ್ರದ ಮುಂದೆ ನಿಲ್ಲುವ ಹೆಣ್ಣುಮಕ್ಕಳನ್ನೂ ಕೇಳು. "ಮಧ್ಯಾಹ್ನ ಆಯ್ತಂದ್ರ ಹಿಂಗೇ ಆಗ್ತದ್ರಿ" ಎಂದು ಒಬ್ಬಾಕೆ ಹೇಳಿದರೆ, ಅದು ನಿನ್ನ ಪರದೆ ಹೇಳದ ಮಾತು. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಮುಚ್ಚಿದ ಪ್ಯಾನೆಲ್ ಒಳಗೆ ಇನ್ನೂ ಕುದಿಯುತ್ತದೆ. ಫ್ಯಾನಿನ ಜಾಳಿಗೆಗೆ ಹೊಟ್ಟು ಮೆತ್ತಿದೆಯೋ ನೋಡಿ ಕೊಡವು. ಆ ಕಾವಿಗೆ ಯಂತ್ರ ತಡವರಿಸಿ ಪ್ಯಾಕಿಂಗ್ ಫಿಲ್ಮಿನ ಗುರುತು ತಪ್ಪಿದರೆ ಪೊಟ್ಟಣದ ಮೇಲಿನ ಹೆಸರೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ತೊಗರಿ ಬೇಳೆ ಅಂಥ ಪೊಟ್ಟಣದಲ್ಲಿ ಊರು ಬಿಟ್ಟು ಹೋಗಬಾರದು, ನೋಡು.

ಹೊರಡುವ ಮುಂಚೆ ಕಂಟ್ರೋಲರ್, ಎಚ್‌ಎಂಐ ಎರಡರ ವಿಳಾಸವನ್ನೂ ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸು. ಬ್ಯಾಕಪ್‌ನ ಒಂದು ಪ್ರತಿಯನ್ನು ಮಿಲ್ಲಿನವರ ಕೈಗೇ ಕೊಡು. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತು ಬೇರೊಬ್ಬ ಹುಡುಗ ಬಂದರೆ, ಅವನು ಆ ಚೀಟಿ ಓದಿಯೇ ಕೆಲಸ ಶುರು ಮಾಡಲಿ.